ಕಳ್ಳ ಬಿಟ್ಟ ಮನೆ

ಅವರು ಯಾರ ಮನೆಗೆ ಬಂದರೂ ನೇರವಾಗಿ ಒಳಗೆ ಬರುತ್ತಿರಲಿಲ್ಲ. ಗೇಟಿನ ಹೊರಗೇ ನಿಂತು ಮನೆಯನ್ನು ಒಮ್ಮೆ ಪೂರ್ತಿ ನೋಡುತ್ತಿದ್ದರು. ಹಾಲಿನ ಪ್ಯಾಕೆಟ್ಟನ್ನು ಯಾರಾದರೂ ಒಳಗೆ ತೆಗೆದುಕೊಂಡಿದ್ದಾರೋ, ಹಗ್ಗದ ಮೇಲಿನ ಬಟ್ಟೆ ಇವತ್ತಿನದೋ ನಿನ್ನೆಯದೋ, ಪೇಪರು ಎಲ್ಲಿ ಬಿದ್ದಿದೆ, ಬಾಗಿಲ ಮುಂದಿನ ರಂಗೋಲಿ ಹೊಸದೋ ಹಳೆಯದೋ. ಅಷ್ಟಾದ ಮೇಲೆ ಚಪ್ಪಲಿ ಬಿಡುತ್ತ ತೀರ್ಪು ಕೊಡುತ್ತಿದ್ದರು. "ನಾ ಕಳ್ಳ ಆಗಿದ್ರ ಈ ಮನಿ ಬಿಟ್ಟು ಮುಂದ ಹೋಗ್ತಿದ್ದೆ ನೋಡ್ರಿ." ಬೇರೆ ಹಿರಿಯರು ಸುಖವಾಗಿರು ಎಂದು ಹರಸುವ ಹಾಗೆ ಅವರು ಹೀಗೆ ಹರಸುತ್ತಿದ್ದರು.

ನನ್ನ ಮನೆಗೆ ಮೊದಲ ಸಲ ಬಂದಾಗ ನನಗೆ ಆ ಹಾರೈಕೆ ಸಿಗಲಿಲ್ಲ. ಎಂಬತ್ತರ ದಶಕದ ನಡುವಿನ ವರ್ಷಗಳು. ಹಾಸನದ ಕಡೆಯವಳಾದ ನಾನು ಬ್ಯಾಂಕಿನಲ್ಲಿ ಆಫೀಸರ್ ಆಗಿ ಬಡ್ತಿ ಪಡೆದ ತಪ್ಪಿಗೆ ವಿಶಾಖಪಟ್ಟಣಕ್ಕೆ ವರ್ಗವಾಗಿ ಬಂದಿದ್ದೆ. ಮದುವೆಯಾಗಿರಲಿಲ್ಲ, ಒಬ್ಬಳೇ ಒಂದು ಬಾಡಿಗೆ ಮನೆ ಹಿಡಿದಿದ್ದೆ. ಅವರು ಊರಿನ ಒಂದು ಕಾಲೇಜಿನಲ್ಲಿ ಸಮಾಜಶಾಸ್ತ್ರ ಕಲಿಸುತ್ತಿದ್ದರು, ಧಾರವಾಡದವರು, ನಮ್ಮ ಪಕ್ಕದ ಬೀದಿಯಲ್ಲಿದ್ದರು. ಕನ್ನಡದವರು ಬಂದಿದ್ದಾರೆಂದು ತಿಳಿದು ಒಂದು ಭಾನುವಾರ ಹೆಂಡತಿಯ ಜೊತೆ ಮಾತಾಡಿಸಲು ಬಂದರು. ಗೇಟಿನ ಹೊರಗೆ ಮಾಮೂಲಿನಂತೆ ನಿಂತು ನೋಡಿದರು. ಒಳಗೆ ಬಂದು ಕುಳಿತು, ಕಾಫಿ ಲೋಟ ಕೈಗೆ ಬಂದ ಮೇಲೆ, "ಅಕ್ಕಾರ, ಸಿಟ್ಟಾಗಬ್ಯಾಡ್ರಿ. ನಾ ಕಳ್ಳ ಆಗಿದ್ರ ನಿಮ್ಮ ಮನಿ ಬಿಡ್ತಿದ್ದಿಲ್ಲ" ಎಂದರು.

ನನಗೆ ಸಿಟ್ಟು ಬಂತು. ಮೊದಲ ಸಲ ಬಂದ ಮನೆಯಲ್ಲಿ ಆಡುವ ಮಾತೇ ಇದು? ಅವರ ಹೆಂಡತಿ ಹಣೆ ಚಚ್ಚಿಕೊಂಡು, "ಇವರ ಬಾಯಾಗ ಬರೂದ ಕಳ್ಳರ ಮಾತವಾ. ಮನಸಿಗೆ ಹಚ್ಚಿಕೋಬ್ಯಾಡ" ಎಂದರು. ಆವತ್ತು ಕಳ್ಳ ಬರಲಿಲ್ಲ, ನನಗೆ ನಿದ್ದೆಯೂ ಬರಲಿಲ್ಲ. ಬೆಳಗ್ಗೆ ಎದ್ದು ಬಾಗಿಲಿಗೆ ನೀರು ಹಾಕಿ, ಹೈಸ್ಕೂಲು ಬಿಟ್ಟ ಮೇಲೆ ಮೊದಲ ಬಾರಿಗೆ ರಂಗೋಲಿ ಎಳೆದೆ. ಸೊಟ್ಟಂಬಟ್ಟ ಬಂತು. ಮಾರನೆಯ ದಿನದಿಂದ ಅವರ ಹೆಂಡತಿಯೇ ಬಂದು ಕಲಿಸತೊಡಗಿದರು. ನಾನು ಅವರನ್ನು ವೈನಿ ಎಂದು ಕರೆಯುತ್ತಿದ್ದೆ, ಅವರ ಕಡೆ ಅತ್ತಿಗೆಗೆ ಹಾಗೆನ್ನುತ್ತಾರೆ. ಬೀದಿಯ ತೆಲುಗು ಹೆಂಗಸರೆಲ್ಲ ಚುಕ್ಕಿ ಇಟ್ಟು ದೊಡ್ಡ ದೊಡ್ಡ ರಂಗೋಲಿ, ಅವರ ಮಾತಿನಲ್ಲಿ ಮುಗ್ಗು, ಹಾಕಿದರೆ, ವೈನಿ ಬೆರಳ ಸಂದಿಯಿಂದ ಪುಡಿ ಬಿಟ್ಟು ಗೋಪದ್ಮ ಹಾಕುತ್ತಿದ್ದರು, ಸಾಲಾಗಿ ಆಕಳ ಪುಟ್ಟ ಹೆಜ್ಜೆಗಳು. ಕೊನೆಯ ಸಾಲಿನ ಒಂದು ಹೆಜ್ಜೆ ಮಾತ್ರ ಬಾಗಿಲ ಕಡೆ ತಿರುಗಿರುತ್ತಿತ್ತು. ಯಾಕೆಂದು ಕೇಳಿದರೆ, "ಒಂದಾದ್ರೂ ಮನಿಗೆ ತಿರುಗಿ ಬರಲಿ" ಎನ್ನುತ್ತಿದ್ದರು. ಆ ಊರಿನಲ್ಲಿ ಆ ರಂಗೋಲಿ ಅವರ ಬಾಗಿಲಲ್ಲಿ ಬಿಟ್ಟರೆ ನನ್ನ ಬಾಗಿಲಲ್ಲಿ ಮಾತ್ರ ಇತ್ತು, ನನ್ನದನ್ನು ಆಕಳ ಹೆಜ್ಜೆ ಎಂದರೆ ಆಕಳು ಒಪ್ಪುತ್ತಿರಲಿಲ್ಲ.

ವೈನಿಯ ಗಂಡನನ್ನು ನಾನು ಸರ್ ಎನ್ನುತ್ತಿದ್ದೆ. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಹೆಸರು ಹೇಳದೇ ಇರುವುದನ್ನು ಕಲಿತದ್ದೇ ಅವರಿಂದ. ಅದು ಮುಂದೆ ಬರುತ್ತದೆ.

ಅವರ ಸಂಶೋಧನೆಯ ವಿಷಯ ಮನೆಗಳ್ಳತನ. ಆದರೆ ಕಳ್ಳತನ ಆದ ಮನೆಗಳಲ್ಲ, ಆಗದೇ ಉಳಿದ ಮನೆಗಳು. ಭಾನುವಾರಗಳಲ್ಲಿ ಜೈಲಿನ ಅಧಿಕಾರಿಗಳ ಅನುಮತಿ ಪಡೆದು ಒಳಗಿದ್ದ ಮನೆಗಳ್ಳರನ್ನು ಮಾತಾಡಿಸಲು ಹೋಗುತ್ತಿದ್ದರು. ಬಿಡುಗಡೆಯಾದವರು ಬೀಚಿನ ಕಲ್ಲಿನ ಮೇಲೆ ಕುಳಿತು ಇವರ ಜೊತೆ ಬೀಡಿ ಸೇದುತ್ತಿದ್ದರಂತೆ. ಎಲ್ಲರೂ ಕಳ್ಳನನ್ನು ಯಾಕೆ ಕದ್ದೆ ಎಂದು ಕೇಳುತ್ತಾರೆ. ಪೊಲೀಸರು ಕೇಳುತ್ತಾರೆ, ಕೋರ್ಟು ಕೇಳುತ್ತದೆ, ಹೆಂಡತಿ ಕೇಳುತ್ತಾಳೆ. ಅದಕ್ಕೆ ಅವನ ಹತ್ತಿರ ಸಿದ್ಧ ಉತ್ತರ ಇರುತ್ತದೆ. ಇವರು ಕೇಳುತ್ತಿದ್ದುದು ಒಂದೇ: "ಆ ಬೀದಿಯೊಳಗ ಯಾವ ಮನಿ ಬಿಟ್ಟಿ? ಯಾಕ ಬಿಟ್ಟಿ?" ಕೇಳಿದ ಕೂಡಲೇ ಕಳ್ಳನ ಮುಖ ಬದಲಾಗುತ್ತದೆ ಎನ್ನುತ್ತಿದ್ದರು ಸರ್. ತಾನು ಮಾಡದೇ ಬಿಟ್ಟ ಕೆಟ್ಟ ಕೆಲಸದ ಬಗ್ಗೆ ಅವನನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ.

"ಇವರು ಕಳ್ಳರ ಜೋಡಿ ಮಾತಾಡೂ ಅರ್ಧ ನನ್ನ ಜೋಡಿ ಮಾತಾಡಿದ್ರ ನಾನೂ ಪ್ರೊಫೆಸರ್ ಆಗ್ತಿದ್ದೆ" ಎಂದು ವೈನಿ ರೇಗಿಸುತ್ತಿದ್ದರು. ಸರ್ ನಕ್ಕು, "ನೀ ಏನೂ ಬಿಟ್ಟಿಲ್ಲಲ್ಲ, ಏನಂತ ಕೇಳಲಿ?" ಎನ್ನುತ್ತಿದ್ದರು. ಮಕ್ಕಳಿರಲಿಲ್ಲ ಅವರಿಗೆ. ಮಾತಿನ ಜಗಳವೇ ಆ ಮನೆಯ ಸದ್ದು.

ಬಿಟ್ಟ ಮನೆಗಳ ಕಾರಣ ಕೇಳಿದರೆ ಎಲ್ಲರೂ ಬೀಗ, ನಾಯಿ, ಕಾವಲುಗಾರ ಎಂದುಕೊಳ್ಳುತ್ತಾರೆ. ಅವರಿಗೆ ಮತ್ತೆ ಮತ್ತೆ ಸಿಕ್ಕಿದ್ದು ಬೇರೆ. ಅಂಗಳ ಗುಡಿಸಿತ್ತು, ಅದಕ್ಕೇ ಬಿಟ್ಟೆ. ಮುಗ್ಗು ಹಸಿಯಾಗಿತ್ತು, ಅದಕ್ಕೇ ಬಿಟ್ಟೆ. ಎದುರುಮನೆ ಅಜ್ಜಿ ಆ ಮನೆಯ ಗಿಡಕ್ಕೂ ನೀರು ಹಾಕುತ್ತಿದ್ದಳು, ಅದಕ್ಕೇ ಬಿಟ್ಟೆ. ನಮ್ಮ ಕನ್ನಡ ಸಂಘದವರು ಬೇಸಗೆ ರಜೆ ಬಂತೆಂದರೆ ಒಟ್ಟಾಗಿ ಬೀಗ ಹಾಕಿ ಊರಿಗೆ ಹೋಗುವ ಜನ. ಬ್ಯಾಂಕಿನವರು, ನೌಕಾಪಡೆಯವರು, ಎಲ್ಲರ ಮನೆಯ ಮುಂದೂ ತಿಂಗಳು ಕಾಲ ಬರೀ ಧೂಳು. ಸರ್ ಸಂಘದ ಸಭೆಯಲ್ಲಿ ಎದ್ದು ನಿಂತು, ಊರಿಗೆ ಹೋಗುವಾಗ ಬೀಗದ ಕೈ ಅಲ್ಲ, ರಂಗೋಲಿ ಡಬ್ಬಿಯನ್ನು ನೆರೆಯವರಿಗೆ ಕೊಟ್ಟು ಹೋಗಿ ಎಂದರು. ಜನ ನಕ್ಕರು, ಆದರೆ ಕೊಟ್ಟರು.

ಕೊಡದೆ ಹೋದವರು ನೌಕಾಪಡೆಯಲ್ಲಿದ್ದ ಬಿಜಾಪುರದವರೊಬ್ಬರು. ಕ್ವಾರ್ಟರ್ಸ್ ಸಿಗದೆ ಹೊರಗೆ ಬಾಡಿಗೆಗಿದ್ದರು. ನೆರೆಯವರಿಗೆ ದಿನಾ ಯಾಕೆ ತೊಂದರೆ ಎಂದು, ಅವರು ಹಡಗಿಗೆ ಬಳಿಯುವಂಥ ಗಟ್ಟಿ ಬಿಳಿ ಪೇಂಟು ತಂದು ಬಾಗಿಲ ಮುಂದೆ ಭರ್ಜರಿ ಎಂಟು ದಳದ ಕಮಲ ಬರೆಸಿ ನಿಶ್ಚಿಂತೆಯಿಂದ ಊರಿಗೆ ಹೋದರು. ಆ ಬೇಸಗೆಯಲ್ಲಿ ನಮ್ಮವರಲ್ಲಿ ಕಳ್ಳತನವಾದದ್ದು ಆ ಮನೆಯಲ್ಲಿ ಮಾತ್ರ. ವಾಪಸು ಬಂದವರು ಸರ್ ಹತ್ತಿರ ಬಂದು, "ನಿಮ್ಮ ಮಾತು ಕೇಳಿ ಕೆಟ್ಟೆ ನೋಡ್ರಿ" ಎಂದು ಜಗಳಕ್ಕೆ ನಿಂತರು. ಸರ್ ಎದ್ದು ಅವರ ಜೊತೆಗೇ ಹೋಗಿ ಆ ಕಮಲ ನೋಡಿದರು. ಅದರ ಮೇಲೆ ಬೇವಿನ ಎಲೆ ಉದುರಿ ಕೊಳೆತಿತ್ತು. "ರಂಗೋಲಿ ಏನ ಕಾಯ್ತದ್ರಿ," ಎಂದರು ಮೆಲ್ಲಗೆ. "ದಿನಾ ಬಗ್ಗಿ ಹಾಕೂ ಕೈ ಕಾಯ್ತದ." ಅವರ ಇಡೀ ಸಂಶೋಧನೆ ಆ ಮಾತಿನೊಳಗಿತ್ತು ಎಂದು ಈಗ ಅನಿಸುತ್ತದೆ.

ಆದರೆ ಆ ಮಾತಿಗೆ ದುಡ್ಡು ಕೊಡುವವರು ಯಾರು? ಒಂದು ವರ್ಷ ಇಬ್ಬರು ವಿದ್ಯಾರ್ಥಿಗಳನ್ನು ಇಟ್ಟುಕೊಂಡು ಊರಿನ ಬೀದಿ ಬೀದಿ ನೋಡಿ, ಬಿಟ್ಟ ಮನೆ ಹೊಕ್ಕ ಮನೆ ಎರಡನ್ನೂ ಅಕ್ಕಪಕ್ಕ ಇಟ್ಟು ಅಳೆದು ತೋರಿಸಬೇಕು ಎಂಬುದು ಅವರ ಆಸೆ. ಅದು ಇಲ್ಲದೆ ತಮ್ಮ ಮಾತು ಬರೀ ಹರಟೆ ಎಂದು ಅವರಿಗೇ ಗೊತ್ತಿತ್ತು. ದೆಹಲಿಗೆ ಬರೆದರು. ಅಪರಾಧಿಗಳ ಬಾಲ್ಯದ ಬಗ್ಗೆಯಾದರೆ ಪರಿಶೀಲಿಸಬಹುದು ಎಂದು ಉತ್ತರ ಬಂತು. ಕಾಲೇಜಿನಲ್ಲಿ ಕೇಳಿದರು. ಈ ಅಧ್ಯಯನದಿಂದ ಎಷ್ಟು ಕಳ್ಳತನ ತಪ್ಪುತ್ತದೆಂದು ಮೊದಲೇ ತೋರಿಸಿ ಎಂದರು. ಆ ದಿನ ನಮ್ಮ ಮನೆಗೆ ಬಂದು ಜಗಲಿಯ ಮೇಲೆ ಕುಳಿತು, "ಆಗಿದ್ದ ಕಳ್ಳತನಕ್ಕ ಎಫ್‌ಐಆರ್ ಅದ. ಆಗದ ಕಳ್ಳತನಕ್ಕ ಎಫ್‌ಐಆರ್ ಎಲ್ಲಿಂದ ತರಲ್ರಿ ಅಕ್ಕಾರ?" ಎಂದು ಕೇಳಿದರು. ನಗುತ್ತಲೇ ಕೇಳಿದರು, ಆದರೆ ಕಾಫಿ ಕುಡಿಯದೆ ಹೋದರು.

ಅಷ್ಟರಲ್ಲಿ ನನಗೆ ವಿಜಯವಾಡಕ್ಕೆ ವರ್ಗವಾಯಿತು. ಗವರ್ನರ್‌ಪೇಟೆಯಲ್ಲಿ ನಮ್ಮ ಬ್ಯಾಂಕಿನ ಪ್ರಾದೇಶಿಕ ಕಚೇರಿ. ಕೆಳಗೆ ಬಟ್ಟೆಯ ಹೋಲ್‌ಸೇಲ್ ಅಂಗಡಿಗಳು, ಮೇಲೆ ನಾವು. ಅಲ್ಲಿ ಸಮಾಜದ ಒಳಿತಿಗೆಂದು ಒಂದು ಸಣ್ಣ ನಿಧಿ ಇದೆಯೆಂದೂ, ಅದರ ಸಮಿತಿಯ ಟಿಪ್ಪಣಿ ಬರೆಯುವುದು ನನ್ನ ಕೆಲಸವೆಂದೂ ಹೋದ ಮೇಲೆ ತಿಳಿಯಿತು. ಸರ್‌ಗೆ ಟ್ರಂಕ್ ಕಾಲ್ ಮಾಡಿ, ಅರ್ಜಿ ಹಾಕಿ ಎಂದೆ. ಹಾಕಿದರು, ಕರೆಯೂ ಬಂತು.

ಆವತ್ತು ಅವರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದರು. ಕಚೇರಿಯ ಮೆಟ್ಟಿಲ ಕೆಳಗೆ ನಿಂತು ಕಟ್ಟಡವನ್ನು ಮಾಮೂಲಿನಂತೆ ನೋಡಿದರು. ನಾನು ನಕ್ಕು, "ಹೇಗಿದೆ ಸರ್, ಬಿಡ್ತೀರೋ ಇಲ್ವೋ?" ಎಂದೆ. "ಈವತ್ತ ಬಿಡೂದಿಲ್ಲ" ಎಂದರು. ಅಷ್ಟು ಖುಷಿ ಇತ್ತು ಅವರ ದನಿಯಲ್ಲಿ.

ಸಮಿತಿಯಲ್ಲಿ ನಮ್ಮ ಪ್ರಾದೇಶಿಕ ವ್ಯವಸ್ಥಾಪಕರು, ಮತ್ತೆ ಭದ್ರತೆಯ ಸಲಹೆಗಾರರಾಗಿದ್ದ ಒಬ್ಬ ನಿವೃತ್ತ ಪೊಲೀಸ್ ಅಧಿಕಾರಿ. ಸರ್ ಧಾರವಾಡದ ಎಳೆತವಿದ್ದ ತೆಲುಗಿನಲ್ಲಿ ಮಾತಾಡಿದರು. ಕಮಲದ ಪೇಂಟಿನ ಕಥೆ ಹೇಳಿದಾಗ ಇಬ್ಬರೂ ಬಿದ್ದು ಬಿದ್ದು ನಕ್ಕರು. ವ್ಯವಸ್ಥಾಪಕರು ನನ್ನ ಕಡೆ ನೋಡಿ ತಲೆದೂಗಿದರು. ನಾನು ಪೆನ್ನಿನ ಕ್ಯಾಪು ತೆಗೆದೆ. ಆಗ ಆ ಪೊಲೀಸ್ ಅಧಿಕಾರಿ ಬಹಳ ಮರ್ಯಾದೆಯಿಂದ ಹೇಳಿದರು: "ಮಾಸ್ಟಾರು ಗಾರು, ಅಂತಾ ಬಾಗುಂದಿ. ಪೇರ್ಲು ಇವ್ವಂಡಿ, ಚಾಲು." ಎಲ್ಲ ಚೆನ್ನಾಗಿದೆ, ಹೆಸರುಗಳನ್ನು ಕೊಡಿ ಸಾಕು. ಯಾವ ಕಳ್ಳ ಯಾವ ಬೀದಿ ನೋಡಿಟ್ಟಿದ್ದಾನೆ ಎಂದು ಗೊತ್ತಿರುವ ಮೇಲೆ ಬ್ಯಾಂಕು ಸುಮ್ಮನೆ ದುಡ್ಡು ಕೊಟ್ಟು ಕೂರುವುದು ಹೇಗೆ? ಮುಚ್ಚಿದ ಲಕೋಟೆಯಲ್ಲಿ ಕೊಟ್ಟರೂ ಆದೀತು ಎಂದರು.

ಸರ್ ಮೇಜಿನ ಮೇಲಿನ ನೀರಿನ ಲೋಟವನ್ನು ಸ್ವಲ್ಪ ಆಚೆ ಸರಿಸಿದರು. "ಅವರು ನನಗ ಹೇಳಿದ್ದು ಕದ್ದ ಮನಿ ಅಲ್ರಿ, ಬಿಟ್ಟ ಮನಿ" ಎಂದು ತೆಲುಗು ಮರೆತು ಕನ್ನಡದಲ್ಲೇ ಶುರು ಮಾಡಿ, ಮತ್ತೆ ತೆಲುಗಿಗೆ ಬಂದು ಹೇಳಿದರು. ಬಿಟ್ಟದ್ದಕ್ಕೆ ನಾನು ಅವರನ್ನು ಹಿಡಿದುಕೊಡಲಾರೆ. ಹೆಸರು ಕೊಟ್ಟರೆ ನಾಳೆಯಿಂದ ನನಗೆ ಯಾರೂ ಏನೂ ಹೇಳುವುದಿಲ್ಲ, ಅದು ಆಮೇಲಿನ ಮಾತು; ಈಗ ಹೇಳಿದವರಿಗೆ ಏನು ಹೇಳಲಿ? ಪೊಲೀಸ್ ಅಧಿಕಾರಿ ಕೆಟ್ಟವರೇನಲ್ಲ, ಬೇಸರದಿಂದಲೇ ತಲೆಯಾಡಿಸಿದರು. ನಾನು ಪೆನ್ನಿನ ಕ್ಯಾಪು ಮುಚ್ಚಿದೆ.

ಅಲ್ಲಿಂದ ಇಬ್ಬರೂ ಕೃಷ್ಣೆಯ ಘಾಟಿಗೆ ಹೋದೆವು. ಮೇಲೆ ಇಂದ್ರಕೀಲಾದ್ರಿಯಲ್ಲಿ ದುರ್ಗೆಯ ಗುಡಿಯ ಮೈಕು ಹಾಡುತ್ತಿತ್ತು. "ಸರ್, ಯಾವುದಾದ್ರೂ ನಾಲ್ಕು ಸುಳ್ಳು ಹೆಸರು ಬರ್ಕೊಡಿ. ಅಪ್ಪಾರಾವ್, ಸೂರಿಬಾಬು, ಏನೋ ಒಂದು. ಯಾರು ಹುಡುಕ್ತಾರೆ?" ಎಂದೆ. ಅವರು ಪ್ಯಾಂಟು ಮಡಚಿ ನೀರಿನಲ್ಲಿ ಕಾಲು ಬಿಟ್ಟು ಕುಳಿತಿದ್ದರು. "ಸುಳ್ಳ ಹೆಸರು ಬರದ್ರೂ, ಆ ಹೆಸರಿನಾಂವ ಒಬ್ಬ ಎಲ್ಲೋ ಇರ್ತಾನ್ರಿ ಅಕ್ಕಾರ" ಎಂದರು. ಆಮೇಲೆ ನನ್ನನ್ನು ಸಮಾಧಾನ ಮಾಡಲೆಂದು ಅವರೇ, "ಈ ನೀರು ನೋಡ್ರಿ, ನಮ್ಮ ಕಡಿಂದ ಬಂದದ. ಇದಕ್ಕೂ ನಿಮ್ಮಂಗ ವರ್ಗ ಆಗೇದ" ಎಂದರು.

ಆ ವರ್ಷ ಆ ನಿಧಿಯ ಹಣದಲ್ಲಿ ಎರಡೂ ಊರುಗಳಲ್ಲಿ ತಗಡಿನ ಫಲಕಗಳನ್ನು ನೆಡಿಸಿದರು. 'ದೊಂಗಲುನ್ನಾರು ಜಾಗ್ರತ್ತ', ಕಳ್ಳರಿದ್ದಾರೆ ಎಚ್ಚರಿಕೆ. ಒಂದು ಫಲಕ ಸರ್ ಬೀದಿಯ ತಿರುವಿನಲ್ಲೇ ಬಂತು. ಕೆಲವು ತಿಂಗಳಲ್ಲಿ ಆ ಫಲಕವನ್ನೇ ಯಾರೋ ಕಳಚಿಕೊಂಡು ಹೋದರು. ಫೋನಿನಲ್ಲಿ ವೈನಿ ಇದನ್ನು ಹೇಳಿ ನಕ್ಕಿದ್ದೇ ನಕ್ಕಿದ್ದು. "ಇವರು ನಗಲೇ ಇಲ್ಲವಾ" ಎಂದರು ಕೊನೆಗೆ.

ಆಮೇಲೆ ಅವರು ಮಾಡಿದ್ದು ನನಗೆ ತಡವಾಗಿ ತಿಳಿಯಿತು. ಮಧುರವಾಡ ಆಗಿನ್ನೂ ಊರ ಹೊರಗಿನ ಬಯಲು, ತಾಳೆಮರ, ಗೋಡಂಬಿ ತೋಪು. ಅಲ್ಲೊಂದು ಸೈಟು ಕೊಳ್ಳಲೆಂದು ಗಂಡ ಹೆಂಡತಿ ವರ್ಷಗಳಿಂದ ಕೂಡಿಟ್ಟಿದ್ದ ಹಣವನ್ನು ತೆಗೆದು ಇಬ್ಬರು ವಿದ್ಯಾರ್ಥಿಗಳಿಗೆ ಸಂಬಳ ಕೊಟ್ಟು ಕೆಲಸ ಶುರು ಮಾಡಿದ್ದರು. ವೈನಿ ಬೇಡವೆನ್ನಲಿಲ್ಲ. "ಕಳ್ಳರ ಬಗ್ಗೆ ಓದಿದವರ ಮನಿಗೆ ಕಳ್ಳ ಬರಬಾರದಂದ್ರ, ಮನೀನ ಇರಬಾರದು" ಎಂದರಂತೆ. ಆ ಮಾತನ್ನು ಹೇಳುವಾಗಲೂ ನಕ್ಕಿರಬೇಕು. ಹಣ ಅರ್ಧ ಊರಿಗೆ ಮುಗಿಯಿತು, ಹುಡುಗರು ಕೆಲಸ ಸಿಕ್ಕಿ ಹೋದರು. ಇನ್ನರ್ಧ ಊರನ್ನು ಸರ್ ಒಬ್ಬರೇ, ಬೆಳಗಿನ ಹೊತ್ತು, ಕ್ಲಾಸಿಗೆ ಮುಂಚೆ ಬೀದಿ ಬೀದಿ ಸುತ್ತಿ ನೋಡತೊಡಗಿದರು. ಎದೆ ನೋವೆಂದು ಆಗಾಗ ಕಂಬಕ್ಕೆ ಒರಗಿ ನಿಲ್ಲುತ್ತಿದ್ದರೆಂದು ಯಾರೋ ವೈನಿಗೆ ಹೇಳಿದ್ದು ಅವರು ಹೋದ ಮೇಲೆ.

ಧನುರ್ಮಾಸದಲ್ಲಿ ಹೋದರು. ಹಾಗೆ ಸುತ್ತುತ್ತಿದ್ದಾಗ ಯಾವುದೋ ಬೀದಿಯಲ್ಲಿ, ಯಾರದೋ ಮನೆಯ ಗೇಟಿನೆದುರು ಕುಸಿದು ಬಿದ್ದರಂತೆ. ಆ ಮನೆಯವರು ಮುಗ್ಗಿಗೆ ತಂದಿದ್ದ ಚೊಂಬಿನ ನೀರನ್ನೇ ಬಾಯಿಗೆ ಬಿಟ್ಟರಂತೆ. ಸುದ್ದಿ ಕೇಳಿದಾಗ ನಾನು ಕಚೇರಿಯ ಮೇಜಿನ ಹಿಂದೆ ಕೂತಲ್ಲೇ ಅತ್ತೆ, ಎಲ್ಲರ ಮುಂದೆಯೇ.

ಗದಗಿನಿಂದ ವೈನಿಯ ಮೈದುನ ಬಂದು ಕ್ರಿಯೆ ಮಾಡಿದರು. ಅಸ್ಥಿ ಬಿಡುವುದು ಎಲ್ಲಿ ಎಂಬ ಮಾತು ಬಂದಾಗ ವೈನಿ, "ಕೃಷ್ಣಾದಾಗ ಬಿಡ್ರಿ, ಅದು ನಮ್ಮ ಕಡಿ ನೀರಂತ" ಎಂದರಂತೆ. ಮನೆಗೆ ಬೀಗ ಹಾಕಿ ವಿಜಯವಾಡಕ್ಕೆ ಬಂದರು. ಸರ್ ಕಾಲು ಬಿಟ್ಟು ಕುಳಿತಿದ್ದ ಆ ಘಾಟಿನಲ್ಲೇ ಎಲ್ಲ ಆಯಿತು. ಉಳಿದ ಕರ್ಮಗಳನ್ನೂ ಅಲ್ಲೇ ಒಂದು ಛತ್ರದಲ್ಲಿ ಮುಗಿಸಿದರು. ಆ ದಿನಗಳಲ್ಲೆಲ್ಲ ವೈನಿಗೆ ಒಂದೇ ಚಿಂತೆ: ಬಾಡಿಗೆ ಮನೆ, ಬೀಗ ಹಾಕಿದೆ, ಸೂತಕದ ಬಾಗಿಲಿಗೆ ಯಾರೂ ರಂಗೋಲಿ ಹಾಕುವುದಿಲ್ಲ. ಧನುರ್ಮಾಸದಲ್ಲಿ ಆ ಬೀದಿಯ ಪ್ರತಿ ಮನೆಯ ಮುಂದೂ ಇಷ್ಟಗಲ ಮುಗ್ಗು, ಇವರದೊಂದೇ ಬೋಳು. "ಮನ್ಯಾಗ ಮಂದಿ ಇಲ್ಲ ಅಂತ ಡಂಗುರ ಹೊಡದಂಗಲ್ಲವಾ? ಒಳಗ ಅವರ ಕಾಗದ ಅವ. ಬ್ಯಾರೆ ಏನೂ ಬ್ಯಾಡ, ಅವನ್ನ ಚೆಲ್ಲಾಪಿಲ್ಲಿ ಮಾಡಿದ್ರ?" ಎಂದು ಮತ್ತೆ ಮತ್ತೆ ಕೇಳುತ್ತಿದ್ದರು. ಆ ಮನೆಯಲ್ಲಿ ಆಗಿನ್ನೂ ಅವರ ಅಂಗಿಗಳು ಗೂಟಕ್ಕೆ ತೂಗುತ್ತಿದ್ದವು.

ಕರ್ಮಗಳು ಮುಗಿದ ಮೇಲೆ ಮನೆ ಖಾಲಿ ಮಾಡಲು ನಾನೂ ಅವರ ಜೊತೆ ವಿಶಾಖಪಟ್ಟಣಕ್ಕೆ ಹೋದೆ. ಬೆಳಗ್ಗೆ ರೈಲಿಳಿದು ಆಟೋದಲ್ಲಿ ಬೀದಿಗೆ ಬಂದೆವು. ಎಲ್ಲ ಮನೆಗಳ ಮುಂದೆ ಮುಗ್ಗು, ಸಗಣಿಯ ಉಂಡೆ, ಅದಕ್ಕೆ ಸಿಕ್ಕಿಸಿದ ಕುಂಬಳದ ಹೂವು. ವೈನಿ ತಲೆ ತಗ್ಗಿಸಿ ಕುಳಿತಿದ್ದರು. ಆಟೋ ನಿಂತಿತು. ಇಳಿದವರು ಹಾಗೇ ನಿಂತುಬಿಟ್ಟರು.

ಬಾಗಿಲ ಮುಂದೆ ನೀರು ಹಾಕಿ ಗುಡಿಸಿತ್ತು. ನೆಲ ಇನ್ನೂ ಹಸಿಯಾಗಿತ್ತು. ಅದರ ಮೇಲೆ ಗೋಪದ್ಮ, ಸಾಲು ಸಾಲು ಆಕಳ ಹೆಜ್ಜೆ. ಅಭ್ಯಾಸವಿಲ್ಲದ ಕೈಯ ದಪ್ಪ ಗೆರೆ, ಅಲ್ಲಲ್ಲಿ ಪುಡಿ ಗುಡ್ಡೆ ಬಿದ್ದಿತ್ತು. ಕೊನೆಯ ಸಾಲಿನ ಒಂದು ಹೆಜ್ಜೆ ಬಾಗಿಲ ಕಡೆ ತಿರುಗಿತ್ತು.

ಎದುರುಮನೆಯ ಅಮ್ಮ ಸೆರಗು ಸುತ್ತಿಕೊಂಡು ಓಡಿ ಬಂದರು. "ಮೇಮು ವೇಯಲೇದಮ್ಮಾ!" ಎಂದರು, ಅಳು ಬಂದವರ ಹಾಗೆ. ನಾವು ಹಾಕಿದ್ದಲ್ಲ, ಸಾವಿನ ಮನೆಯ ಮುಂದೆ ಯಾರಾದರೂ ಮುಗ್ಗು ಹಾಕುತ್ತಾರೆಯೇ, ಅಪಚಾರವೆಂದು ದಿನಾ ಅಳಿಸಿದ್ದೇವೆ, ದಿನಾ ಬೆಳಗಾಗುವುದರೊಳಗೆ ಯಾರೋ ಬಂದು ಮತ್ತೆ ಹಾಕಿ ಹೋಗುತ್ತಾರೆ, ಕಣ್ಣಿಗೆ ಬೀಳುವುದಿಲ್ಲ ಎಂದರು. ಸ್ವಲ್ಪ ತಡೆದು, ಮೊನ್ನೆ ಈ ಬೀದಿಯ ಕೊನೆಯ ಮನೆಗೆ ಕಳ್ಳರು ನುಗ್ಗಿದ್ದರೆಂದೂ ಹೇಳಿದರು. ನಾನು ಬೀದಿಯ ಆ ತುದಿ ಈ ತುದಿ ನೋಡಿದೆ. ಹಾಲಿನವನು, ಸೈಕಲ್ ಮೇಲೆ ತರಕಾರಿಯವನು, ಶಾಲೆಗೆ ಹೊರಟ ಮಕ್ಕಳು. ಬಿಟ್ಟ ಮನೆಗಳ ಕಥೆ ಹೇಳಿದವರಲ್ಲೊಬ್ಬನಿರಬೇಕು. ಅವನ ಹೆಸರನ್ನು ಸರ್ ಯಾರಿಗೂ ಹೇಳಿರಲಿಲ್ಲ, ನಮಗೂ.

"ಚೆರಿಪೇಯನಾ ಅಮ್ಮಾ?" ಅಳಿಸಿಬಿಡಲೇ ಎಂದು ಕೇಳುತ್ತ ಆಕೆ ಕಾಲು ಮುಂದಿಟ್ಟರು. ವೈನಿ ಬೇಡವೆಂದು ಕೈ ಅಡ್ಡ ಹಿಡಿದರು. ಬಳೆಯಿಲ್ಲದ ಆ ಕೈಯಲ್ಲಿ ಮನೆಯ ಬೀಗದ ಕೈ ಇತ್ತು. ಗೇಟಿನ ಹೊರಗೇ ನಿಂತು ಅವರು ಮನೆಯನ್ನು ನೋಡಿದರು, ಸರ್ ನೋಡುತ್ತಿದ್ದ ಹಾಗೆಯೇ, ಹಗ್ಗ, ಕಿಟಕಿ, ಬಾಗಿಲು, ರಂಗೋಲಿ. ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಮನ್ಯಾಗ ಮಂದಿ ಅದಾರ ಅಂತ ಹಾಕ್ಯಾರಲ್ಲವಾ," ಎಂದರು. "ಒಳಗ ಯಾರದಾರ?"